ಗ್ರೀಕ್ ಪ್ರಹಸನದ ರಾಜನ ಮಾತು: ಕನ್ನಡ ಅಂತ ಆಡಿಸಬೇಕಾ, ಬೇಡವಾ?

ಪರದೆಹಿಂದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ ಕಡೆಯ ಹವ್ಯಾಸಿ ನಾಟಕ ತಂಡ. ಕೆಲಸ ಮುಗಿಸಿ ಸಂಜೆ ಸೇರುವ ಹದಿನಾಲ್ಕು ಜನ. ಈ ಸಲ ದೊಡ್ಡ ಕೆಲಸಕ್ಕೆ ಕೈ ಹಾಕಿದ್ದೇವೆ. ಆದರೆ ಎರಡು ವಾರದಿಂದ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೇ ಊರಿನ ತಿಪ್ಪೆಗಳಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಇಂಗ್ಲೆಂಡಿನ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಅಚ್ಚು ಹಾಕಿಸಿದ 413ನೇ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಳೇ ಕಾಲದ ಹಾಳೆ. ಬರಹ ಕ್ರಿ.ಶ. 2ನೇ ಶತಮಾನದ್ದು. ಶುರುವಿನ ಭಾಗ ಹೋಗಿದೆ, ಹೆಸರೂ ಉಳಿದಿಲ್ಲ. ನಾಯಕಿ ಖಾರಿಟಿಯೊನ್, ಹಾಗಾಗಿ ವಿದ್ವಾಂಸರು ಅವಳ ಹೆಸರಿನಿಂದಲೇ ಕರೆಯುತ್ತಾರೆ.

ಕಥೆ ಸರಳ. ಹಿಂದೂ ಮಹಾಸಾಗರದ ಯಾವುದೋ ದಡದಲ್ಲಿ, ಒಂದು ದೇವಿಯ ಗುಡಿಯಲ್ಲಿ ಗ್ರೀಕ್ ಹುಡುಗಿ ಸೆರೆಯಾಗಿದ್ದಾಳೆ. ಅಣ್ಣ ಹಡಗಿನಲ್ಲಿ ಬರುತ್ತಾನೆ. ಜೊತೆಗೆ ಒಬ್ಬ ವಿದೂಷಕ. ಅಲ್ಲಿನ ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ವೈನ್ ಕುಡಿಸುತ್ತಾರೆ. ಅವರು ಅಮಲೇರಿ ಕುಣಿಯುವಾಗ ಹುಡುಗಿಯನ್ನು ಕರೆದುಕೊಂಡು ಹಡಗು ಹತ್ತುತ್ತಾರೆ.

ರಾಜ ಮತ್ತು ಅವನ ಜನ ಆಡುವ ಎಷ್ಟೋ ಮಾತುಗಳು ಗ್ರೀಕ್ ಅಲ್ಲ. ಗ್ರೀಕ್ ಅಕ್ಷರದಲ್ಲಿ ಬರೆದ ಬೇರೆ ಏನೋ. ಜರ್ಮನಿಯ ಶಾಸನತಜ್ಞ ಹುಲ್ಟ್ಷ್ 1904ರಲ್ಲಿ, ಇದು ಕನ್ನಡ ಇರಬಹುದು ಅಂದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಶಾಮಾಶಾಸ್ತ್ರಿಗಳು ಹೌದು ಅಂದರು. ಬಾರ್ನೆಟ್ ಎಂಬ ಇಂಗ್ಲಿಷ್ ವಿದ್ವಾಂಸರು 1926ರಲ್ಲಿ ಅಲ್ಲ ಅಂದರು. ನೂರು ವರ್ಷವಾಯಿತು, ಇನ್ನೂ ಇತ್ಯರ್ಥ ಆಗಿಲ್ಲ.

ಮೊದಲ ಓದಿನ ದಿನ ರಾಜನ ಪಾತ್ರದ ನಮ್ಮ ಗೆಳೆಯರು ಇದ್ದದ್ದನ್ನು ಇದ್ದ ಹಾಗೆ ಓದಿದರು: 'ಬೆರೆ ಕೊಂಜೆಯ್ ದಾಮುನ್ ಪೆತ್ರೆಕಿಯೊ ಪಕ್ತೆಯ್.' ಎಲ್ಲರೂ ಸುಮ್ಮನಾದರು. ಆಮೇಲೆ ಅದನ್ನೇ 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಅಂತ ಓದಿದರು. ಕೂತವರೆಲ್ಲ ಒಟ್ಟಿಗೆ ಚಪ್ಪಾಳೆ ಹೊಡೆದರು. ನನಗೂ ಮೈ ಜುಮ್ಮೆಂದಿತು, ಸುಳ್ಳು ಹೇಳಲ್ಲ. ಆದರೆ ರಾತ್ರಿ ಮನೆಗೆ ಹೋದಮೇಲೆ ಒಂದು ಪ್ರಶ್ನೆ ಕಾಡತೊಡಗಿತು. ಎರಡನೇ ಓದು ಪಪೈರಸ್‌ನಲ್ಲಿ ಇಲ್ಲ. ಅದು ನಾವು ಕೇಳಬಯಸಿದ್ದು.

ರಂಗದ ಮೇಲೆ ಯಾವುದನ್ನು ಆಡಿಸಬೇಕು? ನಿಮ್ಮ ಅಭಿಪ್ರಾಯ ಬೇಕು.

ಕಾವೇರಿತೀರ

ಇದರಲ್ಲಿ ಕೇಳುವುದೇನಿದೆ ಸರ್? ಕನ್ನಡ ಅಂತಲೇ ಆಡಿಸಿ. ನಮ್ಮ ಭಾಷೆ ಸಮುದ್ರ ದಾಟಿ ನೈಲ್ ನದಿ ದಡದ ರಂಗದ ಮೇಲೆ ಕೇಳಿಸಿತ್ತು ಅನ್ನೋದು ಸಣ್ಣ ವಿಷಯವಾ? 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಸಿಗುವ ಮೊದಲು ನಮ್ಮ ಹಿರಿಯರು ಎಷ್ಟು ಕಡೆ ಅಲೆದು, ಎಷ್ಟು ಪುರಾವೆ ಕೂಡಿಸಿದರು. ನನ್ನ ತಂದೆ ಈ ಪ್ರಹಸನದ ಸುದ್ದಿ ಹೇಳುವಾಗ ಕಣ್ಣು ಒದ್ದೆ ಆಗುತ್ತಿತ್ತು. ಆ ಭಾವನೆಗೆ ಬೆಲೆ ಕೊಡಿ ಅಂತ ಕೇಳುತ್ತೇನೆ. ಅನುಮಾನ ಇದ್ದರೆ ಕೈಪಿಡಿಯಲ್ಲಿ ಒಂದು ಸಾಲು ಬರೆಯಿರಿ, ಸಾಕು.

ಹಳಗನ್ನಡಮೇಷ್ಟ್ರು

ಕಾವೇರಿತೀರ ಅವರೇ, ನಿಮ್ಮ ತಂದೆಯವರ ಬಗ್ಗೆ ಓದಿ ಸಂತೋಷವಾಯಿತು. ನಾನು ಮೂವತ್ತು ವರ್ಷ ಹಳಗನ್ನಡ ಪಾಠ ಮಾಡಿದವನು. ಈ ಸಾಲನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದೂ ಇದ್ದೇನೆ. ಹಾಗಾಗಿ ಪ್ರೀತಿ ಇಲ್ಲದೆ ಹೇಳುತ್ತಿಲ್ಲ ಅಂತ ತಿಳಿಯಿರಿ.

ಒಂದೊಂದೇ ಪದ ನೋಡೋಣ. 'ಬೆರೆ'ಯನ್ನು 'ಬೇರೆ' ಅನ್ನಬಹುದು. 'ಕೊಂಜೆಯ್'ನಲ್ಲಿ 'ಕೊಂಚ' ಕೇಳಿಸುತ್ತದೆ, ಸರಿ. 'ಪೆತ್ರೆಕಿಯೊ' ಅಂದರೆ 'ಪಾತ್ರಕ್ಕೆ', ಸ್ವಲ್ಪ ಎಳೆದರೆ ಬರುತ್ತದೆ. 'ದಾಮುನ್' ಅನ್ನೋದನ್ನು 'ಮಧು' ಮಾಡಬೇಕಾದರೆ ಅಕ್ಷರಗಳನ್ನೇ ಹಿಂದುಮುಂದು ಮಾಡಬೇಕು. ಐದು ಪದದಲ್ಲಿ ಒಂದು ತಾನಾಗಿ ಬಂತು, ಎರಡನ್ನು ಎಳೆದು ತಂದೆವು, ಒಂದನ್ನು ತಿರುಗಿಸಿ ನಿಲ್ಲಿಸಿದೆವು. ಐದನೆಯದು 'ಹಾಕಿ' ಅಂತ ಓದಿದ 'ಪಕ್ತೆಯ್', ಅದಕ್ಕೆ ಈಗ ಬರುತ್ತೇನೆ.

ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಬೇರೆ. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಅದರಲ್ಲಿ ಊರಿನ ಹೆಸರು 'ಪಲ್ಮಡಿ' ಅಂತಿದೆ, ಹಲ್ಮಿಡಿ ಅಂತಲ್ಲ. ಪಾಲು ಹಾಲಾಗಿದ್ದು, ಪೂ ಹೂವಾಗಿದ್ದು ಎಲ್ಲ ಎಷ್ಟೋ ಶತಮಾನ ಆದಮೇಲೆ. 'ಹಾಕಿ' ಅನ್ನುವ ರೂಪ ನಮ್ಮ ಕಾಲಕ್ಕೆ ಹತ್ತಿರದ್ದು. ಹಲ್ಮಿಡಿಯ ಸಾಲುಗಳನ್ನು ಇವತ್ತು ಯಾರಾದರೂ ಟಿಪ್ಪಣಿ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲಿ, ಆಗಲ್ಲ. ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಮಾತು ಮಾತ್ರ ಚಿಕ್ಕ ಮಗುವಿಗೂ ತಿಳಿಯುವಷ್ಟು ತಿಳಿಯಾಗಿದೆ ಅಂದರೆ? ಇಷ್ಟು ಸುಲಭವಾಗಿ ಅರ್ಥವಾಗುತ್ತದಲ್ಲ, ಅದೇ ನನಗೆ ಅನುಮಾನ ತರಿಸುತ್ತದೆ.

ಕಾವೇರಿತೀರ

ಮೇಷ್ಟ್ರೇ, ಆದರೆ ಪಪೈರಸ್‌ನಲ್ಲಿ ಇರೋದು 'ಪಕ್ತೆಯ್'. ಪಕಾರವೇ ಇದೆ ಅಲ್ವಾ? 'ಹಾಕಿ' ಅಂತ ಮಾಡಿದ್ದು ಓದಿದವರು. ಮೂಲದಲ್ಲಿ ಹಳೇ ರೂಪ ಇದೆ ಅಂತ ಯಾಕೆ ಅಂದುಕೊಳ್ಳಬಾರದು?

ಹಳಗನ್ನಡಮೇಷ್ಟ್ರು

ಒಳ್ಳೆಯ ಪ್ರಶ್ನೆ. ಒಪ್ಪುತ್ತೇನೆ, ಆ ಪಕಾರ ನಿಮ್ಮ ಕಡೆಗೇ ಇದೆ. 'ಹಾಕು' ಹಿಂದೆ 'ಹಾಯ್ಕು' ಇದೆ, ಅದರ ಹಿಂದೆ ಪಕಾರದ ರೂಪ ಇದೆ. ಆದರೆ ಒಂದು ಪದ ಹಳೇ ರೂಪದಲ್ಲಿದೆ, ಪಕ್ಕದ್ದು ಹೊಸ ರೂಪದಲ್ಲಿದೆ ಅಂತ ನಮಗೆ ಬೇಕಾದ ಹಾಗೆ ಆರಿಸಿಕೊಳ್ಳುವ ಹಾಗಿಲ್ಲ. ಬಾಗಿಲು ಪೂರ್ತಿ ಮುಚ್ಚಿದೆ ಅಂತ ನಾನು ಹೇಳಲಾರೆ. ತೆರೆದಿದೆ ಅಂತ ಎದೆ ತಟ್ಟಿ ಹೇಳುವುದೂ ಸರಿಯಲ್ಲ.

ಚಂದ್ರವಳ್ಳಿ

ನಾನು ಚಿತ್ರದುರ್ಗದವನು. ನಮ್ಮ ಚಂದ್ರವಳ್ಳಿಯ ಅಗೆತದಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದ ಹತ್ತಿರ 1891ರಲ್ಲಿ ಒಂದು ನಿಧಿಯೇ ಸಿಕ್ಕಿತು. ಟಾಲೆಮಿ ಎಂಬ ಭೂಗೋಳಕಾರ ಇದೇ 2ನೇ ಶತಮಾನದಲ್ಲಿ ಈಜಿಪ್ಟಿನಲ್ಲೇ ಕೂತು ಬನವಾಸಿಯ ಹೆಸರು ಬರೆದಿದ್ದಾನೆ. ಈಜಿಪ್ಟಿನ ಕೆಂಪು ಸಮುದ್ರದ ದಡದ ಬೆರನೀಕೆ ಬಂದರಿನಲ್ಲೂ ಕುಸೇರ್ ಅಲ್ ಕದೀಮ್‌ನಲ್ಲೂ ತಮಿಳು ಬ್ರಾಹ್ಮಿ ಲಿಪಿಯ ಮಡಕೆ ಚೂರುಗಳು ಸಿಕ್ಕಿವೆ. ಅಂದರೆ ದಕ್ಷಿಣ ಭಾರತದ ಜನ ಅಲ್ಲಿದ್ದರು, ಮಾತಾಡುತ್ತಿದ್ದರು. ನಟನೊಬ್ಬ ಬಂದರಿನಲ್ಲಿ ನಾಲ್ಕು ಪದ ಕಲಿತು, ಅರ್ಧಂಬರ್ಧ ನೆನಪಿಟ್ಟುಕೊಂಡು ರಂಗದ ಮೇಲೆ ಆಡಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ. ಅಕ್ಷರ ಹಿಂದುಮುಂದಾಗಿರುವುದಕ್ಕೂ ಅದೇ ಕಾರಣ ಇರಬಹುದಲ್ವಾ?

ಇಷ್ಟು ಹೇಳಿದಮೇಲೆ ನಾನೇ ಒಂದು ಮಾತು ಸೇರಿಸುತ್ತೇನೆ. ನಾಣ್ಯ ವ್ಯಾಪಾರಕ್ಕೆ ಸಾಕ್ಷಿ, ಮಾತಿಗೆ ಸಾಕ್ಷಿ ಅಲ್ಲ.

ಮಲೆನಾಡಿನವಳು

ನಾನು ಎರಡು ದಿನದಿಂದ ಓದುತ್ತಾ ಇದ್ದೇನೆ. ಎಲ್ಲರೂ ಆ ಎರಡು ಸಾಲು ಕನ್ನಡವೋ ಅಲ್ಲವೋ ಅಂತ ಮಾತಾಡುತ್ತಿದ್ದೀರಿ. ಆ ಸಾಲು ಆಡುವವನು ಯಾರು, ಯಾವ ಹೊತ್ತಿನಲ್ಲಿ ಆಡುತ್ತಾನೆ ಅಂತ ಯಾರೂ ಕೇಳಲಿಲ್ಲ.

ಅವನು ಕುಡಿದು ತೂರಾಡುವ ರಾಜ. ಅವನನ್ನು ನೋಡಿ ಗ್ರೀಕ್ ಪ್ರೇಕ್ಷಕರು ನಗಬೇಕು, ಅದಕ್ಕೇ ಅವನು ಇದ್ದಾನೆ. ಇಂಗ್ಲಿಷ್ ಅನುವಾದ ನಾನೂ ಓದಿದ್ದೇನೆ. ಒಂದು ಕಡೆ ಅವನು ಗ್ರೀಕಿನಲ್ಲೇ ಹಾಡುತ್ತಾನೆ: ಚಂದ್ರದೇವತೆಯೇ, ನಾನು ಬರ್ಬರರ ಕುಣಿತ ಕಟ್ಟುತ್ತಿದ್ದೇನೆ ಅಂತ. ಯಾವ ರಾಜ ತನ್ನ ಜನರನ್ನು ತಾನೇ ಬರ್ಬರರು ಅಂತ ಕರೆದುಕೊಳ್ಳುತ್ತಾನೆ? ಅದು ಅವನ ಮಾತಲ್ಲ, ಅವನ ಬಾಯಿಗೆ ಬೇರೆಯವರು ತುರುಕಿದ ಮಾತು. 'ಈ ಕಡೆ ವೈನ್ ಮಾರುವುದಿಲ್ಲ, ಇವರಿಗೆ ಅಭ್ಯಾಸವಿಲ್ಲ, ಸಿಕ್ಕರೆ ನೀರು ಬೆರೆಸದೆ ಕುಡಿದುಬಿಡುತ್ತಾರೆ' ಅನ್ನುವ ಅರ್ಥದ ಮಾತೂ ಅಲ್ಲಿ ಬರುತ್ತದೆ. ಗ್ರೀಕರಿಗೆ ನೀರು ಬೆರೆಸದೆ ಕುಡಿಯುವುದು ಅನಾಗರಿಕರ ಗುರುತು.

ಆಮೇಲೆ ಹೆಂಗಸರು. ಬೇಟೆಯಿಂದ ಬಿಲ್ಲು ಹಿಡಿದು ಬರುತ್ತಾರೆ. ಅವರೂ ಆ ಅರ್ಥವಾಗದ ಭಾಷೆಯಲ್ಲೇ ಮಾತಾಡುತ್ತಾರೆ. ವಿದೂಷಕ ಅವರನ್ನು ಹೇಗೆ ಓಡಿಸುತ್ತಾನೆ ಗೊತ್ತಾ? ಹೂಸು ಬಿಟ್ಟು.

ನಮ್ಮನ್ನು ಗೇಲಿ ಮಾಡಿದ ನಾಟಕವನ್ನು ನಾವು ತಲೆ ಮೇಲೆ ಹೊತ್ತು, ನೋಡಿ ನಮ್ಮ ಭಾಷೆ ಎಷ್ಟು ಹಳೆಯದು ಅಂತ ತೋರಿಸುತ್ತಿದ್ದೇವೆ. ನನಗೆ ನೋವಾಗುತ್ತದೆ. ನಾಟಕ ಆಡಬೇಡಿ ಅಂತ ಹೇಳುತ್ತಿಲ್ಲ. ರಾಜ ಕನ್ನಡದಲ್ಲಿ ಮಾತಾಡಿದ ಕೂಡಲೇ ಚಪ್ಪಾಳೆ ಬೀಳುತ್ತದೆ, ಆ ಚಪ್ಪಾಳೆಯಲ್ಲಿ ಈ ವಿಷಯ ಮುಚ್ಚಿಹೋಗುತ್ತದೆ ಅಂತ ಹೇಳುತ್ತಿದ್ದೇನೆ.

ಪರದೆಹಿಂದೆ

ಮೇಡಂ, ನಿಮ್ಮ ಮಾತನ್ನು ನಿನ್ನೆ ತಂಡದಲ್ಲಿ ಓದಿ ಹೇಳಿದೆ. ರಾಜನ ಪಾತ್ರಧಾರಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಹಾಗಾದರೆ ನಾನು ಅವನನ್ನು ಹೇಗೆ ಆಡಲಿ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿನ್ನೆ ರಾತ್ರಿ ಕೂತು ಪೂರ್ತಿ ಮತ್ತೆ ಓದಿದೆ. ಎರಡು ವಿಷಯ ಹೊಸದಾಗಿ ಕಂಡವು.

ಒಂದು, ಇದು ಯೂರಿಪಿಡೀಸ್ ಬರೆದ ಇಫಿಜೀನಿಯಾ ನಾಟಕದ ಮೇಲೆ ಕಟ್ಟಿದ ಪ್ರಹಸನ. ಅಲ್ಲಿಯೂ ದೂರದ ದಡ, ಅಲ್ಲಿಯೂ ಗುಡಿಯಲ್ಲಿ ಸಿಕ್ಕಿಬಿದ್ದ ಅಕ್ಕ, ಹುಡುಕಿಕೊಂಡು ಬರುವ ತಮ್ಮ, ಮೋಸ ಹೋಗುವ ರಾಜ. ಆ ನಾಟಕಕ್ಕೂ ಈ ಪಪೈರಸ್‌ಗೂ ಐನೂರು ವರ್ಷಕ್ಕಿಂತ ಜಾಸ್ತಿ ಅಂತರ. ಅಂದರೆ ಇದನ್ನು ಆಡಿದವರಿಗೂ ಅದು ಪುರಾತನ ಕಥೆಯೇ. ಅವರೂ ನಮ್ಮ ಹಾಗೆ ಹಳೇ ಕೃತಿಯನ್ನು ತೆಗೆದು ತಮಗೆ ಬೇಕಾದ ಹಾಗೆ ತಿದ್ದುತ್ತಿದ್ದರು.

ಹೇಗೆ ತಿದ್ದಿದರು ಅನ್ನೋದು ಇನ್ನೂ ಸ್ವಾರಸ್ಯ. ಹಳೇ ನಾಟಕದಲ್ಲಿ ದೇವಿಯ ಮೂರ್ತಿಯನ್ನೇ ಕದ್ದುಕೊಂಡು ಹೋಗುತ್ತಾರೆ. ಇಲ್ಲಿ ವಿದೂಷಕ, ದೇವಿಗೆ ಬಂದ ಕಾಣಿಕೆಯಲ್ಲಿ ಏನಾದರೂ ಎತ್ತಿಕೊಂಡು ಹೋಗೋಣ ಅಂತಾನೆ. ಖಾರಿಟಿಯೊನ್ ಬೇಡ ಅನ್ನುತ್ತಾಳೆ. ಪ್ರಾಣ ಉಳಿಸು ಅಂತ ಬೇಡುವವರು ದೇವರ ಸೊತ್ತಿಗೆ ಕೈ ಹಾಕಬಾರದು, ಹಾಗೆ ಮಾಡಿದರೆ ದೇವರು ಯಾಕೆ ಕೇಳಿಸಿಕೊಳ್ಳುತ್ತಾನೆ ಅನ್ನುವ ಅರ್ಥದ ಮಾತು. ಇಷ್ಟು ಪೋಲಿ ನಾಟಕದ ನಡುವೆ ಈ ಹುಡುಗಿ ಹೀಗೆ ನೆಟ್ಟಗೆ ನಿಲ್ಲುತ್ತಾಳೆ. ನಾವು ಎರಡು ಕನ್ನಡ ಸಾಲಿನ ಗಲಾಟೆಯಲ್ಲಿ ಅವಳನ್ನು ಮರೆತೇಬಿಟ್ಟಿದ್ದೆವು.

ಎರಡನೆಯದು, ಈ ಹಾಳೆ ಓದುಗರಿಗೆ ಬರೆದದ್ದಲ್ಲ. ಪಾತ್ರಗಳ ಹೆಸರು ಬರೆದಿಲ್ಲ, ಬರೀ ಅಕ್ಷರದ ಗುರುತು. ಖಾರಿಟಿಯೊನ್‌ಗೆ ಮೊದಲಕ್ಷರ, ವಿದೂಷಕನಿಗೆ ಎರಡನೇ ಅಕ್ಷರ, ಹೀಗೆ. ಎಲ್ಲೆಲ್ಲಿ ಚರ್ಮವಾದ್ಯ ಬಡಿಯಬೇಕು ಅಂತ ಗುರುತು ಹಾಕಿದ್ದಾರೆ. ಹಿಂಬದಿಯಲ್ಲಿ, ಹೆಂಗಸರು ಬರುವ ಆ ದೃಶ್ಯವನ್ನೇ ಬೇರೆ ಥರ ಮತ್ತೊಮ್ಮೆ ಬರೆದಿದ್ದಾರೆ. ನಮ್ಮ ತಂಡದ ಸ್ಕ್ರಿಪ್ಟ್ ಕೂಡ ಹೀಗೇ ಇರುತ್ತದೆ. ಅಂಚಿನಲ್ಲಿ ತಬಲದವರಿಗೆ ಗುರುತು, ಹಿಂದುಗಡೆ ಪೆನ್ಸಿಲ್‌ನಲ್ಲಿ ಬದಲಾಯಿಸಿದ ದೃಶ್ಯ. ನನಗೆ ಆ ಹಾಳೆಯ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿ, ಕನ್ನಡ ಸಾಲಿನಲ್ಲಿ ಅಲ್ಲ.

ದೂರದೇಶ

ಅಮೆರಿಕದ ಟೆನ್ನೆಸ್ಸೀಯಲ್ಲಿರುವ ಕನ್ನಡಿಗ. ನಿಮ್ಮ ಚರ್ಚೆ ಓದುವಾಗ ನಮ್ಮ ಊರಿನ ಪಾರ್ಥೆನಾನ್ ನೆನಪಾಯಿತು. ಹೌದು, ನ್ಯಾಶ್‌ವಿಲ್‌ನಲ್ಲಿ ಒಂದು ಪಾರ್ಥೆನಾನ್ ಇದೆ, ಗ್ರೀಸ್‌ನ ಅಥೆನ್ಸ್‌ನಲ್ಲಿರುವ ಹಳೇ ಅಥೀನಾ ಗುಡಿಯ ಪೂರ್ತಿ ಅಳತೆಯ ಪ್ರತಿ. ಟೆನ್ನೆಸ್ಸೀ ರಾಜ್ಯಕ್ಕೆ ನೂರು ವರ್ಷ ತುಂಬಿದ್ದಕ್ಕೆ 1897ರಲ್ಲಿ ನಡೆಸಿದ ಪ್ರದರ್ಶನಕ್ಕೆ ಅಂತ ತಾತ್ಕಾಲಿಕವಾಗಿ ಕಟ್ಟಿದರು. ಜನರಿಗೆ ಕೆಡವಲು ಮನಸ್ಸು ಬರಲಿಲ್ಲ. 1920ರಿಂದ 1931ರವರೆಗೆ ಕಾಂಕ್ರೀಟ್‌ನಲ್ಲಿ ಮತ್ತೆ ಕಟ್ಟಿದರು. ಹತ್ತಿರ ಹೋಗಿ ಗೋಡೆ ಮುಟ್ಟಿದರೆ ಅಮೃತಶಿಲೆಯ ನುಣುಪು ಇಲ್ಲ, ಸಣ್ಣ ಸಣ್ಣ ಹರಳು ಕೈಗೆ ತಾಗುತ್ತವೆ.

ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ಅಥೀನಾ ದೇವಿ ನಿಂತಿದ್ದಾಳೆ, ನಲವತ್ತು ಅಡಿಗಿಂತ ಎತ್ತರ. ಮೈತುಂಬಾ ಚಿನ್ನದ ಹೊದಿಕೆ, ಕೆಂಪು ತುಟಿ, ಬಣ್ಣದ ಕಣ್ಣು, ಪಕ್ಕದಲ್ಲಿ ದೊಡ್ಡ ಹಾವು. ಮಗಳು ನೋಡಿದವಳೇ, 'ಅಪ್ಪಾ, ನಮ್ಮ ದೇವಸ್ಥಾನದ ಅಮ್ಮನ ಹಾಗೇ ಇದ್ದಾಳೆ' ಅಂದಳು. ನನಗೆ ಅಲ್ಲಿಯವರೆಗೆ ಗ್ರೀಕ್ ಅಂದರೆ ಬಿಳಿ ಕಲ್ಲು. ಕಣ್ಣಿನಲ್ಲಿ ಗುಡ್ಡೆ ಇಲ್ಲದ ಬಿಳಿ ಮೂರ್ತಿಗಳು. ಆಮೇಲೆ ಓದಿದಾಗ ತಿಳಿಯಿತು, ಅವರು ಮೂರ್ತಿಗಳಿಗೆ ಬಣ್ಣ ಹಚ್ಚುತ್ತಿದ್ದರು. ಬಣ್ಣ ಉದುರಿಹೋದ ಮೇಲೆ ಯೂರೋಪಿನವರು ಆ ಬಿಳುಪನ್ನೇ ಸೌಂದರ್ಯದ ಅಳತೆಗೋಲು ಮಾಡಿದರು. 1930ರ ದಶಕದ ಕೊನೆಯಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಪಾರ್ಥೆನಾನ್ ಶಿಲ್ಪಗಳನ್ನು ಇನ್ನೂ ಬೆಳ್ಳಗೆ ಮಾಡಲು ತಾಮ್ರದ ಉಪಕರಣ ಹಿಡಿದು ಉಜ್ಜಿದರು. ಹಾಗೆ ಹೋದ ಮೇಲ್ಮೈ ಮತ್ತೆ ಬರುವುದಿಲ್ಲ.

ನಿಮ್ಮ ಎರಡು ಸಾಲಿಗೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಅನಿಸುತ್ತದೆ. ಅವರು ತಮಗೆ ಬೇಕಾದ ಗ್ರೀಸ್ ಸಿಗಬೇಕು ಅಂತ ಕಲ್ಲನ್ನೇ ಕೆರೆದರು. 'ದಾಮುನ್' ಅನ್ನು 'ಮಧು' ಮಾಡುವಾಗ ನಾವೂ ಸ್ವಲ್ಪ ಕೆರೆಯುತ್ತಿದ್ದೇವೆ. ಒಂದೇ ಸಮಾಧಾನ, ನಮ್ಮ ಪಪೈರಸ್‌ಗೆ ಗಾಯ ಆಗಿಲ್ಲ. ಅಕ್ಷರಗಳು ಇದ್ದ ಹಾಗೇ ಇವೆ.

ಓಟಗಾರ

ಒಲಿಂಪಿಕ್ ಜ್ಯೋತಿಯ ಓಟವನ್ನೂ ಇಲ್ಲಿ ಸೇರಿಸಿ. ಗ್ರೀಸ್‌ನ ಒಲಿಂಪಿಯಾದಿಂದ ಜ್ಯೋತಿ ಹೊತ್ತು ಓಡುವುದು ಸಾವಿರಾರು ವರ್ಷದ ಪದ್ಧತಿ ಅಂತ ನಾನು ನಂಬಿದ್ದೆ. ಅದು ಶುರುವಾಗಿದ್ದು 1936ರ ಬರ್ಲಿನ್ ಕ್ರೀಡಾಕೂಟಕ್ಕೆ. ಕಾರ್ಲ್ ಡೀಮ್ ಎಂಬ ಜರ್ಮನ್ ಸಂಘಟಕರ ಯೋಜನೆ. ಮೂರು ಸಾವಿರಕ್ಕೂ ಜಾಸ್ತಿ ಓಟಗಾರರು ಹೊತ್ತು ತಂದರು. ಹಿಟ್ಲರನ ಆಳ್ವಿಕೆಗೆ ಆಗ ಗ್ರೀಸ್‌ನ ವಾರಸುದಾರರು ತಾವೇ ಅಂತ ತೋರಿಸಬೇಕಿತ್ತು. ಹಳೇ ಅಥೆನ್ಸ್‌ನಲ್ಲಿ ಪಂಜಿನ ಓಟ ಇತ್ತು ನಿಜ, ಆದರೆ ಅದು ಬೇರೆ ಹಬ್ಬದ್ದು. ಇದು ಗೊತ್ತಾದ ಮೇಲೂ ಜ್ಯೋತಿ ಬೆಳಗುವಾಗ ನನ್ನ ಗಂಟಲು ಕಟ್ಟುತ್ತದೆ. ಎರಡೂ ನಿಜ.

ಹೊತ್ತಗೆ

ಇಲ್ಲಿ ಬಿ.ಎಂ.ಶ್ರೀ ಅವರ ಹೆಸರು ಇನ್ನೂ ಬರಲಿಲ್ಲವಲ್ಲ ಅಂತ ಕಾಯುತ್ತಿದ್ದೆ.

ಶಾಮಾಶಾಸ್ತ್ರಿಗಳು ಗ್ರೀಕ್ ಹಾಳೆಯಲ್ಲಿ ಕನ್ನಡ ಹುಡುಕುತ್ತಿದ್ದ ಕಾಲದಲ್ಲೇ, ಅದೇ ಮೈಸೂರು ಸೀಮೆಯಲ್ಲಿ, ಶ್ರೀಯವರು ಗ್ರೀಕ್ ನಾಟಕವನ್ನು ಕನ್ನಡಕ್ಕೆ ತರುತ್ತಿದ್ದರು. 1926ರಲ್ಲಿ ರನ್ನನ ಕಾವ್ಯವನ್ನು ಗದಾಯುದ್ಧ ನಾಟಕ ಮಾಡಿದರು, ಗ್ರೀಕ್ ದುರಂತದ ಅಚ್ಚಿನಲ್ಲಿ. 1929ರಲ್ಲಿ ಅಶ್ವತ್ಥಾಮನ್. ಅದು ಸೋಫೋಕ್ಲೀಸನ ಅಯಾಸ್ ನಾಟಕದ ಮೇಲೆ ಕಟ್ಟಿದ್ದು. ಅಲ್ಲಿ ಅಯಾಸ್ ಎಂಬ ವೀರ ಬುದ್ಧಿ ಕೆಟ್ಟು, ಶತ್ರುಗಳು ಅಂದುಕೊಂಡು ದನಕುರಿಗಳನ್ನು ಕಡಿಯುತ್ತಾನೆ. ಎಚ್ಚರವಾದ ಮೇಲೆ ಅವಮಾನ ತಾಳದೆ ಪ್ರಾಣ ಬಿಡುತ್ತಾನೆ. ಶ್ರೀಯವರು ಆ ಜಾಗದಲ್ಲಿ ಅಶ್ವತ್ಥಾಮನನ್ನು ನಿಲ್ಲಿಸಿದರು. ಎಂಥ ಆಯ್ಕೆ ನೋಡಿ. ರಾತ್ರಿ ಮಲಗಿದ್ದವರನ್ನು ಕೊಂದವನು ಅವನು, ಆ ಪಾಪದ ಭಾರ ನಮ್ಮ ಕಥೆಯಲ್ಲೇ ಇದೆ. ಆದರೆ ನಮ್ಮಲ್ಲಿ ಅವನು ಚಿರಂಜೀವಿ, ಸಾಯುವ ಹಾಗಿಲ್ಲ. ಶ್ರೀಯವರ ನಾಟಕದಲ್ಲಿ ಅವನು ಸಾಯುತ್ತಾನೆ. ಚಿರಂಜೀವಿಯನ್ನು ಸಾಯಿಸಬಹುದೇ ಅಂತ ಆಕ್ಷೇಪ ಎದ್ದಿತು.

ನನ್ನ ಅಜ್ಜಿ ಆ ಆಕ್ಷೇಪದ ಕಡೆಯವರು. 'ಅವನಿಗೆ ಸಾವೇ ಇಲ್ಲ, ಅದೇ ಅವನ ಶಿಕ್ಷೆ' ಅನ್ನುತ್ತಿದ್ದರು. ನಾನು ಎಷ್ಟು ಸಲ ಓದಿದರೂ ಇಬ್ಬರ ಮಾತೂ ಸರಿ ಅನಿಸುತ್ತದೆ. ಹೀಗೆ ಎರಡು ಪುರಾತನ ಲೋಕಗಳು ಎದುರಾಬದುರಾ ನಿಂತು, ಒಂದರ ಪ್ರಶ್ನೆಗೆ ಇನ್ನೊಂದು ಉತ್ತರ ಹುಡುಕಿತು. ಶ್ರೀಯವರು ಗ್ರೀಕರ ಹತ್ತಿರ ಹೋಗಿದ್ದು, ನಾವು ಎಷ್ಟು ಹಳಬರು ಅಂತ ಬರೆದುಕೊಡಿ ಅಂತ ಕೇಳಲು ಅಲ್ಲ. ನಿಮ್ಮ ನಾಟಕದಲ್ಲಿ ನೋವು ಹೀಗೆ ತುದಿಯವರೆಗೆ ಹೋಗುತ್ತದಲ್ಲ, ನಮಗೂ ಅದನ್ನು ಕಲಿಸಿ ಅಂತ ಕೇಳಲು. 1935ರಲ್ಲಿ ಪಾರಸಿಕರು ಕೂಡ ಬಂತು, ಈಸ್ಕಿಲಸನದ್ದು. ಗೆದ್ದ ಗ್ರೀಕರು ಸೋತ ಪರ್ಷಿಯನ್ನರ ಮನೆಯ ಅಳುವನ್ನು ರಂಗಕ್ಕೆ ತಂದ ನಾಟಕ ಅದು.

ಮಲೆನಾಡಿನವಳು ಅವರು ಕೇಳಿದ ಪ್ರಶ್ನೆಗೆ ಇಲ್ಲೊಂದು ದಾರಿ ಕಾಣುತ್ತದೆ. ಅದೇ ಗ್ರೀಕರು ಒಂದು ಕಡೆ ಸೋತವನ ಕಣ್ಣಿನಿಂದ ನೋಡಬಲ್ಲರು, ಇನ್ನೊಂದು ಕಡೆ ಕುಡಿಸಿ ನಗಬಲ್ಲರು. ನಿಮ್ಮ ರಾಜನನ್ನು ಪಾರಸಿಕರ ರಾಜನ ಹಾಗೆ ನೋಡಲು ಆಗುತ್ತದಾ ಅಂತ ಪ್ರಯತ್ನಿಸಿ.

ಕರಾವಳಿ

ಉಡುಪಿ ಕಡೆಯವನು. ನಮ್ಮಲ್ಲಿ ಈ ನಾಟಕ ನಡೆದ ಜಾಗ ಮಲ್ಪೆ ಅನ್ನುವವರಿದ್ದಾರೆ, ಆ ಭಾಷೆ ತುಳು ಅನ್ನುವವರೂ ಇದ್ದಾರೆ. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬಗ್ಗೆ ಬರೆದರು. ತುಳು ಅಂತ ಓದಿದವರಿಗೂ ಅರ್ಥ ಹೊರಟಿತು, ಕನ್ನಡ ಅಂತ ಓದಿದವರಿಗೂ ಹೊರಟಿತು. ಒಂದೇ ಸಾಲಿನಿಂದ ಎರಡು ಭಾಷೆಯ ಅರ್ಥ ಬಂದರೆ ಆ ಸಾಲಿನ ಮೇಲೆ ಹೆಚ್ಚು ಭಾರ ಹಾಕಬಾರದು ಅಂತ ನನ್ನ ಅನಿಸಿಕೆ.

ಆಡಿಸುವುದರ ಬಗ್ಗೆ ಹೇಳುತ್ತೇನೆ. ಯಕ್ಷಗಾನದಲ್ಲಿ ಹಾಸ್ಯಗಾರ ಇದ್ದಾನಲ್ಲ, ಅವನಿಗೆ ಯಾವ ಲೋಕದ ಮಾತೂ ಬರುತ್ತದೆ. ದೇವೇಂದ್ರನ ಹತ್ತಿರವೂ ಮಾತಾಡುತ್ತಾನೆ, ರಾಕ್ಷಸನ ಹತ್ತಿರವೂ ಮಾತಾಡುತ್ತಾನೆ, ತಿರುಗಿ ನಮಗೆ ಅರ್ಥ ಹೇಳುತ್ತಾನೆ. ನಿಮ್ಮ ಪ್ರಹಸನದಲ್ಲೂ ಒಂದು ಜಾಗ ಇದೆ, ಒಬ್ಬ 'ಏನಂತಾರೆ?' ಅಂತ ಕೇಳುತ್ತಾನೆ, ಇನ್ನೊಬ್ಬ 'ಪಾಲು ಹಂಚಲು ಚೀಟಿ ಎತ್ತೋಣ ಅಂತಾರೆ' ಅನ್ನುವ ಹಾಗೆ ಗ್ರೀಕಿನಲ್ಲಿ ಹೇಳುತ್ತಾನೆ. ಅವನು ಹೇಳಿದ ಅರ್ಥ ನಿಜವೋ ಸುಳ್ಳೋ ಯಾರಿಗೆ ಗೊತ್ತು? ಆ ಜಾಗವನ್ನು ಹಿಡಿದುಕೊಳ್ಳಿ. ರಾಜ ಪಪೈರಸ್‌ನಲ್ಲಿ ಇರುವ ಹಾಗೇ ಮಾತಾಡಲಿ. ವಿದೂಷಕ ಅರ್ಥ ಹೇಳಲಿ. ರಾಜ ಹೇಳಿದ್ದು ಅದಲ್ಲ ಅಂತ ರಾಜನ ಮುಖದಲ್ಲಿ ಕಾಣಲಿ.

ತಬಲ ಬೇಡ. ಆ ಗುರುತು ಇರುವ ಕಡೆ ಚೆಂಡೆ ಬರಲಿ, ಇಲ್ಲದಿದ್ದರೆ ತಮಟೆ.

ಹೈಸ್ಕೂಲ್‌ಟೀಚರ್

ಒಂದು ಸಣ್ಣ ಮಾತು. ನಮ್ಮ ಮಕ್ಕಳನ್ನು ಒಂದು ಕ್ವಿಜ್‌ಗೆ ಕರೆದುಕೊಂಡು ಹೋಗಿದ್ದೆ. 'ಕನ್ನಡ ಪದಗಳಿರುವ ಗ್ರೀಕ್ ನಾಟಕ ಯಾವುದು?' ಅಂತ ಪ್ರಶ್ನೆ. ನಮ್ಮ ಹುಡುಗಿ ಎದ್ದು, 'ಖಾರಿಟಿಯೊನ್, ಆದರೆ ಅದು ಕನ್ನಡ ಹೌದೋ ಅಲ್ಲವೋ ಚರ್ಚೆ ಇದೆ' ಅಂದಳು. ಅಂಕ ಕೊಡಲಿಲ್ಲ, ಉತ್ತರ ಖಚಿತವಾಗಿ ಹೇಳಬೇಕಂತೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ನನ್ನನ್ನು ಕೇಳಿದ್ದು ಒಂದೇ: 'ಮಿಸ್, ಆ ನಾಟಕದಲ್ಲಿ ಏನಾಗುತ್ತೆ?' ನನಗೆ ಗೊತ್ತಿರಲಿಲ್ಲ. ಎರಡು ಸಾಲು ಬಾಯಿಪಾಠ ಇತ್ತು, ಕಥೆ ಗೊತ್ತಿರಲಿಲ್ಲ. ಈ ಚರ್ಚೆಯ ಮೊದಲ ಪೋಸ್ಟನ್ನು ಇವತ್ತು ತರಗತಿಯಲ್ಲಿ ಓದಿ ಹೇಳಿದೆ.

ಕಾವೇರಿತೀರ

ನಾನು ಮೊದಲು ಬರೆದದ್ದನ್ನು ಅಳಿಸುವುದಿಲ್ಲ, ಅದು ನನ್ನ ಮನಸ್ಸಿನ ಮಾತು. ಆದರೆ ಮಲೆನಾಡಿನವಳು ಅವರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ತುಂಬ ಹೊತ್ತು ಯೋಚಿಸಿ, 'ಆ ರಾಜನ ಹೆಸರು ಏನು?' ಅಂತ ಕೇಳಿದರು. ಉಳಿದಿರುವ ಭಾಗದಲ್ಲಿ ಅವನ ಹೆಸರು ಇದೆಯಾ?

ಪರದೆಹಿಂದೆ

ಇಲ್ಲ ಸರ್. ಗ್ರೀಕಿನಲ್ಲಿ 'ರಾಜ' ಅನ್ನುವ ಪದದ ಮೊದಲ ಮೂರು ಅಕ್ಷರ ಅಷ್ಟೇ, ಅದೇ ಅವನ ಗುರುತು. ನಿಮ್ಮ ತಂದೆಯವರ ಪ್ರಶ್ನೆಯನ್ನು ನಮ್ಮ ಪಾತ್ರಧಾರಿಗೆ ಹೇಳಿದ್ದೇನೆ. ಅವರು ಅದನ್ನು ಸ್ಕ್ರಿಪ್ಟಿನ ಮೊದಲ ಪುಟದಲ್ಲಿ ಬರೆದುಕೊಂಡರು.

ನಿನ್ನೆ ಕರಾವಳಿ ಅವರು ಹೇಳಿದ ಹಾಗೆ ಒಮ್ಮೆ ಮಾಡಿ ನೋಡಿದೆವು. ರಾಜ ಲೋಟ ಹಿಡಿದು ನಿಧಾನವಾಗಿ, ಗಂಭೀರವಾಗಿ ಹೇಳಿದರು: 'ಬೆರೆ ಕೊಂಜೆಯ್ ದಾಮುನ್ ಪೆತ್ರೆಕಿಯೊ ಪಕ್ತೆಯ್.' ಕುಡುಕನ ಹಾಗಲ್ಲ, ಮನೆಗೆ ಬಂದ ಅತಿಥಿಗೆ ಏನೋ ಮುಖ್ಯವಾದದ್ದನ್ನು ಹೇಳುವವನ ಹಾಗೆ. ವಿದೂಷಕ ತಿರುಗಿ ನಮ್ಮ ಕಡೆ ನೋಡಿ, 'ಇನ್ನೊಂದು ಲೋಟ ಕೊಡಿ ಅಂತಾರೆ' ಅಂದ. ಎಲ್ಲರೂ ನಕ್ಕರು. ರಾಜ ಅದೇ ಸಾಲನ್ನು ಇನ್ನೊಮ್ಮೆ ಹೇಳಿದರು, ಸ್ವಲ್ಪ ಜೋರಾಗಿ. ಈ ಸಲ ನಕ್ಕವರು ಕಡಿಮೆ. ಮೂರನೇ ಸಲ ಯಾರೂ ನಗಲಿಲ್ಲ. 'ಕೊಂಜೆಯ್' ಅನ್ನುವಾಗ ಕೆಲವರ ತುಟಿ ಅಲ್ಲಾಡಿದ್ದು ಕಂಡೆ. ಕನ್ನಡ ಕೇಳಬೇಕು ಅನ್ನುವವರು ಕೇಳಿಸಿಕೊಳ್ಳುತ್ತಾರೆ, ಅದಕ್ಕೆ ನಾವು ತಿದ್ದಿ ಕೊಡಬೇಕಾಗಿಲ್ಲ.

ಹಾಗಾಗಿ ಪಪೈರಸ್‌ನಲ್ಲಿ ಇರುವ ಅಕ್ಷರವನ್ನೇ ಆಡಿಸುತ್ತೇವೆ ಅಂತ ತೀರ್ಮಾನ ಆಯಿತು. ಹಳಗನ್ನಡ ಮೇಷ್ಟ್ರು ಕೈಪಿಡಿಗೆ ಒಂದು ಪುಟ ಬರೆದುಕೊಡಲು ಒಪ್ಪಿದ್ದಾರೆ, ಹುಲ್ಟ್ಷ್, ಶಾಸ್ತ್ರಿಗಳು, ಬಾರ್ನೆಟ್ ಮೂವರ ಮಾತೂ ಇರುತ್ತದೆ. ಬಿಲ್ಲು ಹಿಡಿದ ಹೆಂಗಸರ ದೃಶ್ಯ ಮಾತ್ರ ಇನ್ನೂ ಬಗೆಹರಿದಿಲ್ಲ. ಮೂಲದವರೇ ಅದನ್ನು ಎರಡು ಸಲ ಬರೆದಿದ್ದಾರೆ, ನಾವು ಮೂರನೇ ಸಲ ಬರೆಯುತ್ತೇವೆ. ಮಲೆನಾಡಿನವಳು ಮೇಡಂ, ನಿಮಗೆ ಬಿಡುವಿದ್ದರೆ ಆ ದೃಶ್ಯ ಬರೆಯುವಾಗ ಬಂದು ಕೂರುತ್ತೀರಾ?

ಮುಂದಿನ ಓದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಹತ್ತಿರದಲ್ಲಿ ತಮಟೆ ಬಾರಿಸುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಮಲೆನಾಡಿನವಳು

ಬರುತ್ತೇನೆ. ತಮಟೆಗೆ ನಮ್ಮ ಪಕ್ಕದ ಮನೆಯ ಹುಡುಗನನ್ನು ಕೇಳುತ್ತೇನೆ.